ಪ್ರಸಂಗ ಗೆಲ್ಲಲಿ: ಪೈಪೋಟಿ ಬಿಟ್ಟು ಜೊತೆಗೂಡುವುದು ಹೇಗೆ

ಮೊದಲು ಒಂದು ಕೆಲಸ ಮಾಡಿ. ಯಾರನ್ನು ಕಂಡರೆ ನಿಮಗೆ ಒಳಗೊಳಗೇ ಹೊಟ್ಟೆ ಉರಿಯುತ್ತದೋ ಅವರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ. ಹಾಡುವವರ ಚೀಟಿಯಲ್ಲಿ ಹಾಡುವವರೇ ಇರುತ್ತಾರೆ, ಮನೆಯಲ್ಲಿ ಕೇಕ್ ಮಾಡಿ ಮಾರುವವರ ಚೀಟಿಯಲ್ಲಿ ಪಕ್ಕದ ಬೀದಿಯ ಕೇಕ್‌ನವರು ಇರುತ್ತಾರೆ, ತಂಗಿಯ ಚೀಟಿಯಲ್ಲಿ ಅಕ್ಕ ಇರುತ್ತಾಳೆ. ನಿಮ್ಮ ಕೆಲಸದ ಕಷ್ಟ ಸುಖ ಚೆನ್ನಾಗಿ ಗೊತ್ತಿರುವುದು ಇವರಿಗೇ ಅಲ್ವಾ? ಹಾಗಾಗಿ ಜೊತೆಗೆ ಕೆಲಸ ಮಾಡಲು ಯಾರು ಸಿಗುತ್ತಾರೆ ಅಂತ ಊರೆಲ್ಲ ಹುಡುಕಬೇಡಿ. ಆ ಚೀಟಿಯಿಂದಲೇ ಶುರು ಮಾಡಿ.

ಎದುರಾಳಿಯ ಜೊತೆ ಸೇರಿ ಏನು ಕಟ್ಟಲು ಸಾಧ್ಯ ಅಂತ ಅನ್ನಿಸಿದರೆ ಒಂದು ತಾಳಮದ್ದಳೆಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂರಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಜಾಸ್ತಿ ನಡೆಯುತ್ತವೆ, ಬೆಂಗಳೂರಿನಲ್ಲೂ ಸಿಗುತ್ತವೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಅರ್ಥಧಾರಿಗಳು, ಅಂದರೆ ಪಾತ್ರಗಳ ಮಾತು ಹೇಳುವವರು, ಕೂತಲ್ಲೇ ಮಾತಾಡುತ್ತಾರೆ. ಪದ್ಯ ಮಾತ್ರ ಮೊದಲೇ ಬರೆದದ್ದು. ಮಾತೆಲ್ಲ ಅಲ್ಲೇ ಹುಟ್ಟುತ್ತದೆ.

ಅಲ್ಲಿ ಆಡುವ ಕಥೆಗೆ ಪ್ರಸಂಗ ಅನ್ನುತ್ತಾರೆ. ವಾಲಿವಧೆ ಪ್ರಸಂಗವನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ಕೇಳುತ್ತಾನೆ. ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ರಾಮನಿಗೆ ಬಾಯಿ ತೆರೆಯಲೂ ಬಿಡದಂತೆ ಮಾಡಬಹುದು. ಆದರೆ ಕಥೆ ಎಲ್ಲಿ ಹೋಗಿ ನಿಲ್ಲಬೇಕು ಅಂತ ಇಬ್ಬರಿಗೂ ಗೊತ್ತು. ವಾಲಿ ಕೊನೆಗೆ ರಾಮನನ್ನು ಒಪ್ಪಿ, ಮಗ ಅಂಗದನನ್ನು ಒಪ್ಪಿಸಿ ಪ್ರಾಣ ಬಿಡಬೇಕು. ಹಾಗಾಗಿ ಒಳ್ಳೆಯ ಅರ್ಥಧಾರಿ ಎಷ್ಟೇ ಜೋರಾಗಿ ವಾದ ಮಾಡಿದರೂ ಎದುರಿನವರಿಗೆ ಉತ್ತರ ಕೊಡಲು ಒಂದು ಎಡೆ ಬಿಟ್ಟೇ ಮಾತು ನಿಲ್ಲಿಸುತ್ತಾರೆ, ಎದುರಿನವರು ಅದೇ ಎಡೆಯನ್ನು ಹಿಡಿದು ಇನ್ನೂ ಮೇಲಿನ ಮಾತು ಹೇಳುತ್ತಾರೆ, ಅದನ್ನು ಕೇಳಿ ಇವರಿಗೆ ಇನ್ನೊಂದು ಹೊಳೆಯುತ್ತದೆ, ಆಗ ನೋಡಿ ಪ್ರಸಂಗ ಕಳೆಗಟ್ಟುವುದು. ಹೆಸರಾಂತ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರು ಮತ್ತು ಮಲ್ಪೆಯ ಸಾಮಗರು ಎದುರುಬದುರಾದ ಕೂಟಗಳನ್ನು ಹಳಬರು ಇವತ್ತಿಗೂ ನೆನೆಯುತ್ತಾರೆ. ಅದೇ ಒಬ್ಬರು ತಮ್ಮ ಪಾಂಡಿತ್ಯ ತೋರಿಸಲು ಇನ್ನೊಬ್ಬರ ಬಾಯಿ ಕಟ್ಟಿದರೆ ಆ ಹೊತ್ತಿಗೆ ಚಪ್ಪಾಳೆ ಬೀಳಬಹುದು, ಪ್ರಸಂಗ ಮಾತ್ರ ಕೆಟ್ಟೇ ಕೆಡುತ್ತದೆ. ಅಂಥ ಕೂಟದಿಂದ ಎದ್ದು ಬರುವಾಗ ನನಗಂತೂ ತುಂಬ ಬೇಜಾರಾಗುತ್ತದೆ.

ನಿಮ್ಮಿಬ್ಬರ ನಡುವೆಯೂ ಹೀಗೆ ಒಂದು ಪ್ರಸಂಗ ಬೇಕು. ಸುಮ್ನೆ ‘ಒಟ್ಟಿಗೆ ಏನಾದರೂ ಮಾಡೋಣ’ ಅಂದರೆ ಎರಡು ಕಾಫಿಗೆ ಮಾತು ಮುಗಿದುಹೋಗುತ್ತದೆ. ಚಿಕ್ಕದಾಗಿ, ಸ್ಪಷ್ಟವಾಗಿ, ಕೊನೆ ಯಾವಾಗ ಅಂತ ಗೊತ್ತಿರುವ ಹಾಗೆ ಕೇಳಿ. ‘ದೀಪಾವಳಿಗೆ ಇಬ್ಬರೂ ಸೇರಿ ಒಂದೇ ಬಾಕ್ಸ್ ಮಾಡೋಣ, ಕೇಕ್ ನಿಮ್ಮದು, ಚಕ್ಕುಲಿ ಕೋಡುಬಳೆ ನಂದು, ನೂರು ಬಾಕ್ಸ್ ಹೋದ ಮೇಲೆ ನಿಲ್ಲಿಸಿ ಲೆಕ್ಕ ನೋಡೋಣ.’ ಇಷ್ಟು ಹೇಳಿದರೆ ಎದುರಿನವರಿಗೂ ಹೂಂ ಅನ್ನಲು ಅಥವಾ ಬೇಡ ಅನ್ನಲು ಸುಲಭ. ಬೇಡ ಅಂದರೆ ಬೇಡ, ಒತ್ತಾಯ ಮಾಡಬೇಡಿ.

ಹೂಂ ಅಂದರೋ, ಲಗಾಮು ಯಾರ ಕೈಯಲ್ಲಿ ಅಂತ ಮೊದಲೇ ಮಾತಾಡಿಕೊಳ್ಳಿ. ತಾಳಮದ್ದಳೆಯಲ್ಲಿ ಒಬ್ಬರು ಮಾತನ್ನು ತೀರಾ ಎಳೆದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಎಷ್ಟು ದೊಡ್ಡ ಹೆಸರಿನವರಾದರೂ ಅಲ್ಲಿಗೆ ನಿಲ್ಲಿಸಲೇಬೇಕು. ನಿಮ್ಮ ಕೆಲಸದಲ್ಲೂ ಜಗಳ ಬಿದ್ದಾಗ ಯಾರ ಮಾತು ಕೊನೆ? ರುಚಿಯ ವಿಷಯದಲ್ಲಿ ನೀವು, ಪ್ಯಾಕಿಂಗ್ ವಿಷಯದಲ್ಲಿ ಅವರು ಅಂತ ಹಂಚಿಕೊಂಡರೂ ಸಾಕು. ಹಣ, ಹೆಸರು ಎರಡನ್ನೂ ಮೊದಲ ದಿನವೇ ವಾಟ್ಸಾಪ್‌ನಲ್ಲಾದರೂ ಬರೆದಿಟ್ಟುಕೊಳ್ಳಿ, ನಾಚಿಕೆ ಬೇಡ. ಮೈಸೂರಿನ ಅಣ್ಣತಮ್ಮ ರಾಜನ್ ಮತ್ತು ನಾಗೇಂದ್ರ ದಶಕಗಟ್ಟಲೆ ಎರಡೂ ಹೆಸರು ಸೇರಿಸಿಯೇ ಸಿನಿಮಾಗಳಿಗೆ ಸಂಗೀತ ಕೊಟ್ಟರು. ಯಾವ ರಾಗ ಯಾರಿಗೆ ಹೊಳೆದದ್ದು ಅಂತ ಕೇಳುವವರು ಬಿಡಿಸಿ ನೋಡುವುದಿಲ್ಲ. ಎಲ್ಲರೂ ಹಾಗೆ ಒಂದೇ ಹೆಸರಾಗಬೇಕು ಅಂತೇನಿಲ್ಲ. ಯಾರು ಏನು ಮಾಡಿದರು ಅಂತ ಹೇಳಿಕೊಳ್ಳಬೇಕು ಅನ್ನಿಸಿದರೆ ಹಾಗೇ ಹಾಕಿ, ಆದರೆ ನಿಮ್ಮ ಹೆಸರಿಗಿಂತ ಮೊದಲು ಅವರ ಹೆಸರು ಹೇಳಿ ನೋಡಿ, ಕೆಲಸದ ವಾತಾವರಣವೇ ಬದಲಾಗುತ್ತದೆ.

ಮನೆಯೊಳಗೆ ಇದು ಇನ್ನೂ ಕಷ್ಟ, ಯಾಕಂದರೆ ಅಲ್ಲಿ ಪೈಪೋಟಿ ಹಚ್ಚುವವರು ಬೇರೆಯವರು. ಹಬ್ಬಕ್ಕೆ ಬಂದ ನೆಂಟರು ದೊಡ್ಡ ಸೊಸೆಯ ಒಬ್ಬಟ್ಟನ್ನು ಚಿಕ್ಕ ಸೊಸೆಯ ಒಬ್ಬಟ್ಟಿನ ಜೊತೆ ಹೋಲಿಸಿ ಹೋಗಿಬಿಡುತ್ತಾರೆ, ಆಮೇಲೆ ಓರಗಿತ್ತಿಯರ ನಡುವೆ ವರ್ಷಗಟ್ಟಲೆ ಮುನಿಸು. ಮುಂದಿನ ಹಬ್ಬಕ್ಕೆ ಹೂರಣ ಒಬ್ಬರು ಮಾಡಿ, ತಟ್ಟಿ ಬೇಯಿಸುವುದು ಇನ್ನೊಬ್ಬರು ಮಾಡಿ. ಯಾರದು ಅಂತ ಕೇಳಿದರೆ ಇಬ್ಬರೂ ಒಂದೇ ಉತ್ತರ ಕೊಡಿ. ಗಂಡ ಹೆಂಡತಿ ಆದರೆ, ಯಾರು ಜಾಸ್ತಿ ದುಡಿದರು, ಯಾರು ಜಾಸ್ತಿ ಪಾತ್ರೆ ತೊಳೆದರು ಅನ್ನುವ ಲೆಕ್ಕವನ್ನು ಒಮ್ಮೆ ಕೂತು ನ್ಯಾಯವಾಗಿ ಮುಗಿಸಿ. ಅದನ್ನು ಮುಗಿಸದೆ ಒಟ್ಟಿಗೆ ತಾರಸಿ ತೋಟ ಮಾಡೋಣ ಅಂದರೆ ಗಿಡಕ್ಕೆ ನೀರು ಹಾಕುವ ಕೆಲಸವೂ ಒಬ್ಬರ ತಲೆಗೇ ಬೀಳುತ್ತದೆ. ಲೆಕ್ಕ ಸರಿಯಾದ ಮೇಲೆ ಇಬ್ಬರಿಗೂ ಗೊತ್ತಿಲ್ಲದ ಏನನ್ನಾದರೂ ಕಲಿಯಲು ಹೊರಡಿ. ಇಬ್ಬರಿಗೂ ಬರದ ವಿಷಯದಲ್ಲಿ ಮೇಲುಕೀಳು ಇರುವುದಿಲ್ಲ.

ಪರೀಕ್ಷೆಗೆ ಓದುವವರು ಕೇಳಬಹುದು, ಸೀಟು ಇರುವುದೇ ಇಷ್ಟು, ಅಲ್ಲಿ ಎಂಥ ಜೊತೆ? ಸರಿ, ಅಲ್ಲಿ ಪೈಪೋಟಿ ನಿಜ. ಆದರೆ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುವ ನಿಮ್ಮ ಪೈಪೋಟಿ ಇರುವುದು ರಾಜ್ಯದ ಎಲ್ಲ ಅಭ್ಯರ್ಥಿಗಳ ಜೊತೆ. ಪಕ್ಕದ ಮಂಚದವನಿಗೆ ನೋಟ್ಸ್ ಮುಚ್ಚಿಟ್ಟು ನೀವು ಗಳಿಸುವುದು ಏನೂ ಇಲ್ಲ. ದಿನಾ ಒಂದೊಂದು ಉತ್ತರ ಬರೆದು ಅದಲುಬದಲು ಮಾಡಿ ತಿದ್ದಿ. ಇನ್ನೊಬ್ಬರ ಉತ್ತರ ತಿದ್ದುವಾಗ ನಿಮ್ಮ ಉತ್ತರದಲ್ಲಿ ಏನು ಬಿಟ್ಟುಹೋಗಿದೆ ಅಂತ ಕಾಣುತ್ತದೆ.

ಎಲ್ಲರ ಜೊತೆಗೂ ಇದು ಆಗುವುದಿಲ್ಲ. ಕೆಲವರು ನೀವು ಬಿಟ್ಟ ಎಡೆ ತೆಗೆದುಕೊಳ್ಳುತ್ತಾರೆ, ನಿಮಗೆ ಎಡೆ ಬಿಡುವುದಿಲ್ಲ. ನಿಮ್ಮ ಐಡಿಯಾ ಅವರ ಬಾಯಲ್ಲಿ ಅವರದೇ ಆಗಿ ಹೊರಬರುತ್ತದೆ. ಒಂದು ಸಲ ಆದರೆ ಕೇಳಿ, ಮರೆತಿರಬಹುದು. ಮತ್ತೆ ಮತ್ತೆ ಆದರೆ ಒಪ್ಪಿಕೊಂಡಷ್ಟು ಕೆಲಸ ಮುಗಿಸಿ, ಲೆಕ್ಕ ಚುಕ್ತಾ ಮಾಡಿ, ಮುಂದಿನದಕ್ಕೆ ನಾನಿಲ್ಲ ಅಂತ ನೇರವಾಗಿ ತಿಳಿಸಿ. ಕಾರಣವನ್ನು ಊರಿಗೆಲ್ಲ ಹೇಳುತ್ತಾ ತಿರುಗಬೇಡಿ. ಅವರನ್ನೇ ಕೂರಿಸಿಕೊಂಡು ಒಮ್ಮೆ ಹೇಳಿ ಎದ್ದು ಬನ್ನಿ.