ಬೆನೆಡಿಕ್ಟ್ ಯಾರಾದರೇನು, ಸಾಸ್ ಒಡೆಯಬಾರದು

ಎಗ್ಸ್ ಬೆನೆಡಿಕ್ಟ್ ಅಂದರೆ ಇಂಗ್ಲಿಷ್ ಮಫಿನ್ ಎಂಬ ಚಪ್ಪಟೆ ದುಂಡು ಬ್ರೆಡ್ಡಿನ ಮೇಲೆ ಹ್ಯಾಮ್ ಎಂಬ ಹಂದಿ ಮಾಂಸದ ಬಿಲ್ಲೆ, ಅದರ ಮೇಲೆ ಮೊಟ್ಟೆ, ಎಲ್ಲದರ ಮೇಲೆ ಸಾಸ್ ಸುರಿದ ಅಮೆರಿಕದ ತಿಂಡಿ. ಅದನ್ನು ಮಾಡಲು ಹೊರಟಾಗ ಎಲ್ಲರೂ ಹೆದರಿಸಿದ್ದು ಪೋಚ್ಡ್ ಎಗ್ ಬಗ್ಗೆ, ಅಂದರೆ ಚಿಪ್ಪು ಒಡೆದು ನೇರ ಬಿಸಿನೀರಿಗೇ ಬಿಟ್ಟು ಬೇಯಿಸುವ ಮೊಟ್ಟೆ ಬಗ್ಗೆ. ನನಗೆ ಅದು ಕಷ್ಟವೇ ಅನ್ನಿಸಲಿಲ್ಲ. ಮಂಡ್ಯ ಕಡೆಯವನು ನಾನು. ಕುದಿಯೋ ಸಾರಿಗೇ ಮೊಟ್ಟೆ ಒಡೆದು ಬಿಡೋದನ್ನು ನೋಡಿಕೊಂಡೇ ಬೆಳೆದವನು. ಅಮ್ಮನದು ಒಂದೇ ನಿಯಮ: "ಉರಿ ಸಣ್ಣ ಮಾಡು, ಮೊಟ್ಟೆ ಬಿಟ್ಮೇಲೆ ಸೌಟು ಆಡಿಸ್ಬ್ಯಾಡ ಕಣ್ಲಾ." ಸಾರಿನ ಬದಲು ನೀರು, ಅಷ್ಟೇ. ನಾನು ಸೇರಿಸಿಕೊಂಡದ್ದು ಎರಡು ಉಪಾಯ. ಮೊಟ್ಟೆಯನ್ನು ಮೊದಲು ಟೀ ಸೋಸುವ ಜರಡಿಗೆ ಒಡೆದು ಹಾಕುತ್ತೇನೆ. ನೀರು ನೀರಾದ ಬಿಳಿಭಾಗ ಇಳಿದುಹೋಗಿ ಗಟ್ಟಿ ಬಿಳಿ ಮಾತ್ರ ಉಳಿಯುತ್ತದೆ. ಹಾಗಾಗಿ ನೀರಿನಲ್ಲಿ ದಾರ ದಾರವಾಗಿ ಹರಡುವುದಿಲ್ಲ. ನೀರಿಗೆ ಒಂದು ಚಮಚ ವಿನೆಗರ್ ಬೀಳಬೇಕು. ತಳದಿಂದ ಸಣ್ಣ ಗುಳ್ಳೆ ಏಳುತ್ತಿರಬೇಕು, ಕೊತಕೊತ ಕುದಿಯಬಾರದು. ಮೂರು ನಿಮಿಷಕ್ಕೆ ಪೂರಿ ಎತ್ತುವ ಜಾಲರಿ ಸೌಟಿನಲ್ಲಿ ಎತ್ತಿದರೆ ಬಿಳಿ ಹಿಡಿದುಕೊಂಡಿರುತ್ತದೆ, ಒಳಗಿನ ಹಳದಿ ಇನ್ನೂ ಹರಿಯುತ್ತಿರುತ್ತದೆ.

ನನ್ನ ಸೊಕ್ಕು ಇಳಿಸಿದ್ದು ಮೊಟ್ಟೆಯ ಹಳದಿಗೆ ಬೆಣ್ಣೆ, ನಿಂಬೆ ರಸ ಸೇರಿಸಿ ಕಡೆಯುವ ಹಾಲಂಡೇಸ್ ಸಾಸ್. ಮೊದಲ ಸಲ ಹಳದಿಯನ್ನು ನೇರ ಉರಿಯ ಮೇಲಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬುರ್ಜಿ. ಹಳದಿ 65-70 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ, ಉರಿಗೆ ಅಷ್ಟು ತಾಳ್ಮೆ ಎಲ್ಲಿ? ಎರಡನೇ ಸಲ ಬಟ್ಟಲನ್ನು ಬಿಸಿನೀರಿನ ಪಾತ್ರೆಯ ಮೇಲೆ, ನೀರು ತಾಗದ ಹಾಗೆ ಇಟ್ಟೆ. ಆದರೆ ಬೆಣ್ಣೆ ಬದಲು ಊರಿಂದ ತಂದ ತುಪ್ಪ ಸುರಿದೆ. ಸಾಸ್ ಚೆನ್ನಾಗಿಯೇ ಕೂಡಿಕೊಂಡಿತು, ವಾಸನೆ ಮಾತ್ರ ಥೇಟ್ ಮೈಸೂರು ಪಾಕಿನದು. ಕೆಂಪಗೆ ಕಾಯಿಸಿದ ತುಪ್ಪ ನಿಂಬೆ ರಸದ ಜೊತೆ ಜಗಳಕ್ಕೇ ನಿಲ್ಲುತ್ತದೆ.

ಮೂರನೇ ಸಲ ಕರಗಿಸಿದ ಬೆಣ್ಣೆ. ಅವಸರದಲ್ಲಿ ಒಟ್ಟಿಗೆ ಸುರಿದೆ, ಒಡೆಯಿತು. ಬಿಸಿ ಹೆಚ್ಚಾದ ಮಜ್ಜಿಗೆ ಹುಳಿಯ ಹಾಗೆ: ಮೇಲೆ ಎಣ್ಣೆ, ಕೆಳಗೆ ಗಸಿ. ಆದರೆ ಮಜ್ಜಿಗೆ ಹುಳಿಗಿಲ್ಲದ ಒಂದು ಭಾಗ್ಯ ಇದಕ್ಕಿದೆ. ಬೇರೆ ಬಟ್ಟಲಲ್ಲಿ ಹೊಸ ಹಳದಿಯೊಂದನ್ನು ಒಂದು ಚಮಚ ನೀರಿನ ಜೊತೆ ಕಡೆದು, ಒಡೆದ ಸಾಸನ್ನು ಹನಿ ಹನಿಯಾಗಿ ಅದಕ್ಕೆ ಬಿಡುತ್ತಾ ಬಂದರೆ ಮತ್ತೆ ಕೂಡಿಕೊಳ್ಳುತ್ತದೆ. ಹಳದಿಯಲ್ಲಿರುವ ಲೆಸಿಥಿನ್ ಎಂಬ ಅಂಶ ಬೆಣ್ಣೆಯ ಹನಿಗಳನ್ನು ನೀರಿನಲ್ಲಿ ಹಿಡಿದಿಡುತ್ತದೆ. ಈಗ ನನ್ನ ಲೆಕ್ಕ ಮೂರು ಹಳದಿ, ಒಂದೊಂದು ದೊಡ್ಡ ಚಮಚ ನೀರು ಮತ್ತು ನಿಂಬೆ ರಸ, 150 ಗ್ರಾಂ ಉಪ್ಪಿಲ್ಲದ ಬೆಣ್ಣೆ. ಕಡೆಯುತ್ತಾ ಕಡೆಯುತ್ತಾ ಬಟ್ಟಲ ತಳ ಕಾಣುವಂತೆ ಗೆರೆ ಬಿದ್ದ ಮೇಲೆಯೇ ಮೊದಲ ಹನಿ ಬೆಣ್ಣೆ.

ಈ ಹತ್ತು ನಿಮಿಷ ಕೈ ಬಿಡುವ ಹಾಗಿಲ್ಲ, ತಲೆಗೆ ಮಾತ್ರ ಪುರಸೊತ್ತು. ಆಗ ಯೋಚನೆ ಹೋಗುವುದು ಇದರ ಹೆಸರಿನ ಜಗಳದ ಕಡೆಗೆ: ಈ ಬೆನೆಡಿಕ್ಟ್ ಯಾರು? ದಿನಾ ಜರ್ಸಿ ಸಿಟಿಯಿಂದ ರೈಲಿನಲ್ಲಿ ಬಂದು ನ್ಯೂಯಾರ್ಕಿನ ಮ್ಯಾನ್‌ಹಾಟನ್‌ನ 33ನೇ ಬೀದಿಯಲ್ಲಿ ಇಳಿದು ಎಂಪೈರ್ ಸ್ಟೇಟ್ ಕಟ್ಟಡದ ಪಕ್ಕ ನಡೆದು ಹೋಗುತ್ತೇನೆ. ಅದೇ ಜಾಗದಲ್ಲಿ ಹಿಂದೆ ವಾಲ್ಡಾರ್ಫ್ ಹೋಟೆಲ್ ಇತ್ತು. 1894ರಲ್ಲಿ ಲೆಮ್ಯುಯೆಲ್ ಬೆನೆಡಿಕ್ಟ್ ಎಂಬ ವಾಲ್ ಸ್ಟ್ರೀಟ್ ದಲ್ಲಾಳಿ, ರಾತ್ರಿ ಕುಡಿದದ್ದು ಇಳಿಯದೆ ಬೆಳಿಗ್ಗೆ ಅಲ್ಲಿಗೆ ಬಂದು ಬೆಣ್ಣೆ ಸವರಿದ ಟೋಸ್ಟ್, ಬೇಕನ್ (ಉಪ್ಪು ಹಾಕಿಟ್ಟ ಹಂದಿ ಮಾಂಸದ ತೆಳು ಪಟ್ಟಿ), ಪೋಚ್ಡ್ ಎಗ್, ಜೊತೆಗೆ ಹಾಲಂಡೇಸ್ ತರಿಸಿಕೊಂಡನಂತೆ. ಹೋಟೆಲಿನ ಊಟದ ಮೇಲ್ವಿಚಾರಕ ಆಸ್ಕರ್ ಚಿರ್ಕಿ ಟೋಸ್ಟಿನ ಬದಲು ಇಂಗ್ಲಿಷ್ ಮಫಿನ್, ಬೇಕನ್ ಬದಲು ಹ್ಯಾಮ್ ಇಟ್ಟು ಮೆನುಗೆ ಸೇರಿಸಿದರಂತೆ. ಕಥೆ ಸೊಗಸಾಗಿದೆ. ಆದರೆ ಅದು ನ್ಯೂಯಾರ್ಕರ್ ಪತ್ರಿಕೆಯಲ್ಲಿ ಅಚ್ಚಾದದ್ದು 1942ರಲ್ಲಿ, ಹತ್ತಿರ ಹತ್ತಿರ ಐವತ್ತು ವರ್ಷ ಕಳೆದ ಮೇಲೆ.

ಅತ್ತ ಡೆಲ್ಮಾನಿಕೋಸ್ ಹೋಟೆಲಿನ ಫ್ರೆಂಚ್ ಬಾಣಸಿಗ ಚಾರ್ಲ್ಸ್ ರಾನ್‌ಹೋಫರ್ ಅದೇ 1894ರಲ್ಲಿ 'ದಿ ಎಪಿಕ್ಯೂರಿಯನ್' ಎಂಬ ಸಾವಿರಕ್ಕೂ ಹೆಚ್ಚು ಪುಟಗಳ ಪಾಕಪುಸ್ತಕ ತಂದರು. ಅದರಲ್ಲಿ ಈ ತಿಂಡಿ ಇದೆ, ಹೆಸರು 'ಬೆನೆಡಿಕ್' ಎಂದಿದೆ. ಮಫಿನ್ ಅಡ್ಡಡ್ಡ ಸೀಳಿ ಕೆಂಪಾಗದಂತೆ ಟೋಸ್ಟ್ ಮಾಡಿ, ಅಂಗುಲದ ಎಂಟನೇ ಒಂದು ಭಾಗ ದಪ್ಪದ ಹ್ಯಾಮ್ ಇಡಬೇಕು ಎನ್ನುವವರೆಗೆ ಲೆಕ್ಕ ಕೊಟ್ಟಿದ್ದಾರೆ. ಆ ಹೋಟೆಲಿಗೆ ಬರುತ್ತಿದ್ದ ಲೆಗ್ರಾಂಡ್ ಬೆನೆಡಿಕ್ಟ್ ದಂಪತಿಗೆ ಮೆನು ಬೇಸರವಾಗಿ ಹೊಸದೇನಾದರೂ ಕೇಳಿದ್ದರಿಂದ ಇದು ಹುಟ್ಟಿತು ಎಂಬುದು ಇನ್ನೊಂದು ಕಥೆ. 1967ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬಂದು, ಇದು ಕಮೊಡೋರ್ ಇ. ಸಿ. ಬೆನೆಡಿಕ್ಟ್ ಎಂಬ ಬ್ಯಾಂಕರ್ ಮಾಡಿದ್ದು ಎಂದು ಅವರ ಹೆಸರೂ ಸಾಲಿಗೆ ಸೇರಿತು. ನನ್ನ ಮತ ರಾನ್‌ಹೋಫರ್‌ಗೆ. ಸಾವಿರ ಪುಟದ ಪುಸ್ತಕ ಯಾರೋ ಬೆಳಿಗ್ಗೆ ತಲೆನೋವಿನಲ್ಲಿ ಕೇಳಿದ್ದನ್ನು ಅದೇ ವರ್ಷ ಹಿಡಿದು ಅಚ್ಚು ಹಾಕಿರಲಾರದು.

ನಮ್ಮನೆಯಲ್ಲಿ ಹ್ಯಾಮ್ ತಿನ್ನುವವರಿಲ್ಲ. ಬೆಳ್ಳುಳ್ಳಿ ಹಾಕಿ ಬಾಡಿಸಿದ ಪಾಲಕ್ ಇಡುತ್ತೇನೆ. ಇಲ್ಲಿನ ಹೋಟೆಲುಗಳಲ್ಲಿ ಅದಕ್ಕೆ ಫ್ಲೋರೆಂಟೈನ್ ಅನ್ನುತ್ತಾರೆ. ಮಫಿನ್ ಚಾಕುವಿನಿಂದ ಕತ್ತರಿಸದೆ ಸುತ್ತ ಫೋರ್ಕ್ ಚುಚ್ಚಿ ಬಿಡಿಸಿದರೆ ಒಳಗಿನ ಗುಂಡಿಗಳು ಹಾಗೇ ಉಳಿದು ಸಾಸ್ ಕುಡಿಯುತ್ತವೆ.

ಕಳೆದ ಭಾನುವಾರ ತಟ್ಟೆಯನ್ನು ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ಮೊಟ್ಟೆ ಮೇಲೆ ಮಜ್ಜಿಗೆ ಹುಳಿ ಯಾಕ್ಲಾ ಸುರ್ದಿದ್ದೀಯೆ?" ಅಂದಳು. ಮಜ್ಜಿಗೆ ಹುಳಿ ಅಲ್ಲಮ್ಮ, ಬೆಣ್ಣೆ, ಮೂರು ಜನಕ್ಕೆ 150 ಗ್ರಾಂ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. "ಸೊಸೆಗೆ ಫೋನ್ ಕೊಡು" ಅಂದಳು.