ಮಗು ಅಮ್ಮನ ಮುಖ ನೋಡ್ತಿದ್ಯಾ? ಮಲಾವಿಯ ಮಕ್ಕಳ ವಾರ್ಡಲ್ಲಿ ನನ್ನ ಆರು ವಾರ

ನಾನು ಹಾಸನದಲ್ಲಿ ಹತ್ತನೇ ಕ್ಲಾಸ್ ಮುಗಿಸಿ ಅಪ್ಪ ಅಮ್ಮನ ಜೊತೆ ಇಂಗ್ಲೆಂಡಿಗೆ ಬಂದವಳು, ಮೆಡಿಕಲ್ ಓದಿದ್ದೂ ಇಲ್ಲೇ. ಇಲ್ಲಿ ಕೊನೇ ವರ್ಷದ ಹತ್ರ ಎಲೆಕ್ಟಿವ್ ಅಂತ ಕೆಲವು ವಾರ ಬಿಡ್ತಾರೆ, ಬೇರೆ ದೇಶದ ಆಸ್ಪತ್ರೆಗೂ ಹೋಗಿ ಕಲೀಬಹುದು, ಆದ್ರೆ ಜಾಗ ನಾವೇ ಹುಡುಕ್ಕೋಬೇಕು. ನಾನು ಹೋಗಿದ್ದು ಮಲಾವಿ ದೇಶದ ಬ್ಲಾಂಟೈರ್ ಊರಿನ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ, ಅಲ್ಲಿನವರು ಬರೀ ಕ್ವೀನ್ಸ್ ಅಂತಾರೆ.

ಅಲ್ಲಿಗೇ ಯಾಕೆ ಅಂದ್ರೆ, ಪುಸ್ತಕದಲ್ಲಿದ್ದ ಒಂದು ಚಿಕ್ಕ ಟೇಬಲ್ ನನ್ನ ತಲೇಲಿ ಕೂತುಬಿಟ್ಟಿತ್ತು. ಪ್ರಜ್ಞೆ ಎಷ್ಟಿದೆ ಅಂತ ಅಳೆಯೋಕೆ 1974ರ ಗ್ಲಾಸ್ಗೋ ಸ್ಕೋರ್ ಇದೆಯಲ್ಲ, ಅದಕ್ಕೆ ರೋಗಿ ಮಾತಾಡ್ಬೇಕು, ಒಂದೂವರೆ ವರ್ಷದ ಕೂಸು ಏನ್ ಹೇಳುತ್ತೆ? ಅದಕ್ಕೇ ಇದೇ ಬ್ಲಾಂಟೈರಲ್ಲಿ ಕೆಲಸ ಮಾಡ್ತಿದ್ದ ವೈದ್ಯರು ಮಾಲ್ಕಮ್ ಮಾಲಿನೋ, ಟೆರಿ ಟೇಲರ್ ಮತ್ತು ಅವರ ಜೊತೆಯವರು ಮಲೇರಿಯಾ ಬಂದ ಮಕ್ಕಳನ್ನ ನೋಡ್ತಾ ನೋಡ್ತಾ ಬೇರೆ ಸ್ಕೋರ್ ಮಾಡಿ 1989ರಲ್ಲಿ ಪ್ರಕಟಿಸಿದ್ರು, ಬ್ಲಾಂಟೈರ್ ಕೋಮಾ ಸ್ಕೋರ್. ನೋವು ಮಾಡಿದ್ರೆ ಕೈ ಅಲ್ಲಿಗೆ ಬರುತ್ತಾ, ಅದಕ್ಕೆ 2. ಸರಿಯಾಗಿ ಅಳುತ್ತಾ, ಅದಕ್ಕೆ 2. ಕಣ್ಣು ಅಮ್ಮನ ಮುಖದ ಹಿಂದೆ ಹೋಗುತ್ತಾ, ಅದಕ್ಕೆ 1. ಒಟ್ಟು 5, ಎರಡು ಅಥವಾ ಅದಕ್ಕಿಂತ ಕಮ್ಮಿ ಅಂದ್ರೆ ಕೋಮಾ. ವೈದ್ಯರ ಟೇಬಲ್ ಒಂದರೊಳಗೆ ಅಮ್ಮನ ಮುಖ ಇರೋದನ್ನ ನಾನು ಅದೇ ಮೊದಲು ನೋಡಿದ್ದು.

ವ್ಯವಸ್ಥೆ ವಿಷ್ಯ ಬೇಗ ಹೇಳ್ಬಿಡ್ತೀನಿ. ಮೊದಲು ಎಲ್ಲಾ ನಾವೇ ಮಾಡ್ಕೊಡ್ತೀವಿ ಅನ್ನೋ ಒಂದು ಏಜೆನ್ಸಿನ ಕೇಳ್ದೆ, ಅವ್ರು ಹೇಳಿದ ದುಡ್ಡಲ್ಲಿ ಆಸ್ಪತ್ರೆಗೆ ಎಷ್ಟು ಹೋಗುತ್ತೆ ಅಂತ ವಿಚಾರಿಸಿದ್ರೆ ಕೊನೇವರೆಗೂ ಉತ್ತರ ಬರ್ಲಿಲ್ಲ, ಬಿಟ್ಟೆ. ಒಂದು ವರ್ಷ ಮುಂಚೆ ನೇರವಾಗಿ ಅಲ್ಲಿನ ಮೆಡಿಕಲ್ ಕಾಲೇಜಿಗೇ ಬರೆದೆ, ಮಲಾವಿ ಮೆಡಿಕಲ್ ಕೌನ್ಸಿಲಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸ್ದೆ, ಜನವರಿ ಮಧ್ಯಕ್ಕೆ ಹೊರಟೆ. ಅದು ಅಲ್ಲಿ ಮಳೆಗಾಲ, ಮಲೇರಿಯಾ ಜಾಸ್ತಿ ಇರೋ ಕಾಲ.

ಮೊದಲ ವಾರ ನನಗೆ ಕೊಟ್ಟ ಕೆಲಸ ಒಂದೇ, ಸಾಲಲ್ಲಿ ಕೂತ ಅಮ್ಮಂದಿರ ಮಧ್ಯೆ ನರ್ಸ್ ಹಿಂದೆ ನಡೀಬೇಕು. ಚಿತೆಂಜೆ ಅಂತ ಬಣ್ಣದ ಬಟ್ಟೇಲಿ ಮಗೂನ ಬೆನ್ನಿಗೆ ಕಟ್ಕೊಂಡು, ಹೆಲ್ತ್ ಪಾಸ್‌ಪೋರ್ಟ್ ಅನ್ನೋ ಪುಟ್ಟ ಪುಸ್ತಕ ಕೈಲಿ ಹಿಡ್ಕೊಂಡು ಬಂದಿರ್ತಾರೆ. ನರ್ಸ್ ಒಂದೊಂದು ಮಗು ಹತ್ರ ನಿಂತು ಉಸಿರು ನೋಡಿ, ಕೈ ಮುಟ್ಟಿ ತಣ್ಣಗಿದ್ಯಾ ನೋಡಿ, ಅಂಗೈ ಬಿಳಿಚಿದ್ಯಾ ನೋಡಿ, ಈಗಲೇ ಒಳಗೆ, ಬೇಗ ನೋಡ್ಬೇಕು, ಕಾಯ್ಬಹುದು ಅಂತ ಮೂರು ಗುಂಪು ಮಾಡ್ತಾರೆ. ಇಷ್ಟೇನಾ ಅನ್ನಿಸ್ಬಹುದು. ಮಕ್ಕಳ ವೈದ್ಯೆ ಎಲಿಜಬೆತ್ ಮಾಲಿನೋ ಅವರ ತಂಡ ಇಲ್ಲೇ ಈ ಪದ್ಧತಿ ಗಟ್ಟಿಯಾಗಿ ತಂದಾಗ, ದಾಖಲಾದ ಮಕ್ಕಳಲ್ಲಿ ಸಾಯೋರು ಶೇ. 10ರಿಂದ 18ರಷ್ಟಿದ್ದಿದ್ದು 6ರಿಂದ 8ಕ್ಕೆ ಇಳೀತು, 2006ರಲ್ಲಿ ಅವರು ಬರೆದ ವರದಿಯಲ್ಲಿದೆ. ಬಂದ ಕ್ರಮದಲ್ಲಿ ನೋಡದೆ ಕಾಯಿಲೆ ಕ್ರಮದಲ್ಲಿ ನೋಡೋದು, ಅದರ ಬೆಲೆ ಅದು.

ಎರಡನೇ ವಾರ ಫಿಟ್ಸ್ ಬಂದು ನಿಂತಿದ್ದ ಒಂದು ಮಗೂನ ತಂದ್ರು, 11 ಕೇಜಿ. ನಾನು ಓದ್ಕೊಂಡು ಬಂದಿದ್ದ ಸ್ಕೋರ್ ಅಲ್ವಾ, ತಕ್ಷಣ ಉಗುರು ಒತ್ತಿ ಟಾರ್ಚ್ ಹಾಕಿ ಲೆಕ್ಕ ಶುರು ಮಾಡ್ದೆ. ಸಿಸ್ಟರ್ ಕೇಳಿದ್ರು, "ಶುಗರ್ ಎಷ್ಟು?" ನಾನು ನೋಡೇ ಇರ್ಲಿಲ್ಲ. 1.4 ಇತ್ತು, ನಮ್ಮೂರ ಲೆಕ್ಕದಲ್ಲಿ ಸುಮಾರು 25, ತೀರಾ ಕಮ್ಮಿ. ಶೇ. 10ರ ಡೆಕ್ಸ್‌ಟ್ರೋಸ್, ಅಂದ್ರೆ ಗ್ಲೂಕೋಸ್ ನೀರು, ಕೇಜಿಗೆ 5 ಎಂಎಲ್, 55 ಎಂಎಲ್ ಕೊಟ್ರು. ಆ ಒಂದೆರಡು ನಿಮಿಷ ನಾನು ಕಳೆದಿದ್ದು ಇವತ್ತಿಗೂ ಎದೇಲಿ ಚುಚ್ಚುತ್ತೆ. ಆಮೇಲೆ ಮಲೇರಿಯಾಗೆ ಆರ್ಟೆಸುನೇಟ್ ಅನ್ನೋ ಔಷಧಿ, 20 ಕೇಜಿ ಒಳಗಿನ ಮಕ್ಕಳಿಗೆ ಕೇಜಿಗೆ 3 ಮಿಲಿಗ್ರಾಂ, ಆಗೊಂದು, 12 ಗಂಟೆಗೊಂದು, 24 ಗಂಟೆಗೊಂದು. ಮೊದಲೆಲ್ಲ ಕ್ವಿನೈನ್ ಕೊಡ್ತಿದ್ರು, ಆಫ್ರಿಕಾದ 5,425 ಮಕ್ಕಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಬಂದ್ಮೇಲೆ ಆರ್ಟೆಸುನೇಟೇ ಮುಂದೆ ಬಂತು.

ಮತ್ತೆ ಸ್ಕೋರ್ ಮಾಡುವಾಗ ಕಣ್ಣಿಗೆ ನಾನು ಸೊನ್ನೆ ಹಾಕ್ದೆ. ಸಿಸ್ಟರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಗೋಡೆ ಹತ್ರ ನಿಂತಿದ್ದ ಅಮ್ಮನ್ನ ಕರೆದು ಮಗು ಮುಂದೆ ಬಗ್ಗಿಸಿದ್ರು. "ನಿನ್ನ ಮುಖ ಅದಕ್ಕೆ ಯಾರಮ್ಮಾ, ಅದರ ತಾಯಿ ಇಲ್ಲೇ ಇದಾಳಲ್ಲ" ಅಂದ್ರು. ಆಗಲೂ ಕಣ್ಣು ಹೋಗ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಆ ತಾಯಿ ನಾನು ಬರೋದನ್ನ ನೋಡಿ, ನಾನು ಹೇಳೋ ಮುಂಚೆ ತಾನೇ ಬಗ್ಗಿ ಮುಖ ಎಡಕ್ಕೆ ಬಲಕ್ಕೆ ಆಡಿಸಿ ತೋರಿಸಿದ್ಲು. ಕಣ್ಣು ಹಿಂದೇನೇ ಹೋಯ್ತು.

ರಕ್ತದಲ್ಲಿ ಮಲೇರಿಯಾ ಕಂಡ್ರೆ ಕೋಮಾಗೆ ಅದೇ ಕಾರಣ ಅಂತ ಮುಗಿಸ್ಬಾರದು ಅನ್ನೋದನ್ನೂ ಅಲ್ಲೇ ಕಲಿತೆ. 2004ರಲ್ಲಿ ಟೇಲರ್ ತಂಡ ಬ್ಲಾಂಟೈರಲ್ಲೇ, ಮೆದುಳಿನ ಮಲೇರಿಯಾ ಅಂತ ಗುರುತಿಸಿದ್ದ 31 ಮಕ್ಕಳ ಶವಪರೀಕ್ಷೆ ಮಾಡಿದಾಗ 7 ಮಕ್ಕಳ ಸಾವಿಗೆ ಬೇರೇನೇ ಕಾರಣ ಇತ್ತು. ವ್ಯತ್ಯಾಸ ಚೆನ್ನಾಗಿ ಹೇಳಿದ್ದು ಕಣ್ಣಿನ ಹಿಂಭಾಗದ ಪರದೆ ರೆಟಿನಾದ ಬದಲಾವಣೆಗಳು. ಕಣ್ಣೊಳಗೆ ನೋಡೋ ಆಪ್ತಾಲ್ಮೋಸ್ಕೋಪ್ ಹಿಡಿದು ರೆಟಿನಾದ ಮೇಲಿನ ಬಿಳೀ ಮಚ್ಚೆ ನೋಡೋಕೆ ನನಗೆ ನಾಲ್ಕು ವಾರ ಹಿಡೀತು.

ನವಜಾತ ಶಿಶುಗಳ ಕಡೆ ಪುಮಾನಿ ಅಂತ ಒಂದು ಸಿಪ್ಯಾಪ್ ಮಷೀನ್ ಇತ್ತು, ಅಂದ್ರೆ ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗೋದು, ಅಮೆರಿಕದ ರೈಸ್ ಯೂನಿವರ್ಸಿಟಿಯವರು ಕ್ವೀನ್ಸ್ ಜೊತೆ ಸೇರಿ ಬೆಳೆಸಿದ್ದು, ಒಳಗಿರೋದು ಮೀನಿನ ತೊಟ್ಟಿಗೆ ಹಾಕೋ ಥರದ ಪಂಪ್. ಕೊಳವೆ ತುದಿ ನೀರೊಳಗೆ ಎಷ್ಟು ಸೆಂಟಿಮೀಟರ್ ಮುಳುಗಿದ್ಯೋ ಅಷ್ಟು ಒತ್ತಡ. ಗುಳು ಗುಳು ಸದ್ದು ನಿಂತ್ರೆ ಎಲ್ಲೋ ಲೀಕ್ ಆಗ್ತಿದೆ ಅಂತ ಅರ್ಥ, ಕಿವೀಲೇ ಗೊತ್ತಾಗುತ್ತೆ.

ಊಟದ್ದು ಹೇಳ್ಲೇಬೇಕು. ಅಲ್ಲಿ ನ್ಸಿಮಾ ಅಂತ ಮೆಕ್ಕೆಜೋಳದ ಹಿಟ್ಟಿನ ಬಿಳೀ ಮುದ್ದೆ, ಸೊಪ್ಪಿನ ಪಲ್ಯ ಜೊತೆ ಕೈಲೇ ಮುರ್ಕೊಂಡು ತಿನ್ನೋದು. ನಾನು ಮುರಿಯೋ ರೀತಿ ನೋಡಿ ನಿಮ್ಮೂರಲ್ಲೂ ಇದ್ಯಾ ಅಂತ ಕೇಳಿದ್ರು, ಫೋನಲ್ಲಿ ರಾಗಿ ಮುದ್ದೆ ಫೋಟೋ ತೋರಿಸ್ದೆ. ಅದಾದ್ಮೇಲೆ ವಾರ್ಡಲ್ಲಿ ಅಮ್ಮಂದಿರು ನನ್ನ ಹತ್ರ ಮಾತಾಡೋ ರೀತಿನೇ ಬೇರೆ ಆಯ್ತು.

ಹೋಗೋರಿದ್ರೆ ಮಲೇರಿಯಾ ತಡೆ ಮಾತ್ರೆ ಮನೆಯಿಂದಲೇ ಶುರು ಮಾಡಿ. ಸೂಜಿ ಚುಚ್ಚಿದ್ರೆ ಎಚ್‌ಐವಿ ತಡೆ ಮಾತ್ರೆ 72 ಗಂಟೆ ಒಳಗೆ ಶುರುವಾಗ್ಬೇಕು, ಅದನ್ನ ಜೊತೇಲೇ ಒಯ್ಯಿರಿ. ಇಲ್ಲಿ ನಿಮಗೆ ಮಾಡೋಕೆ ಬಿಡದ ಕೆಲ್ಸ ಅಲ್ಲೂ ಮಾಡ್ಬೇಡಿ, ಕೈ ಅಭ್ಯಾಸಕ್ಕೆ ಅಂತ ಇರೋ ಮಕ್ಕಳಲ್ಲ ಅವು. ಚಿಚೆವಾ ಭಾಷೆ ಸ್ವಲ್ಪ ಕಲೀರಿ: ಮಲುಂಗೊ ಅಂದ್ರೆ ಮಲೇರಿಯಾ, ಚಿಫುವಾ ಅಂದ್ರೆ ಎದೆನೂ ಹೌದು ಕೆಮ್ಮೂ ಹೌದು, ಅಮಾಯಿ ಅಂದ್ರೆ ಅಮ್ಮ. ಪೆಪಾನಿ ಅನ್ನೋ ಪದ ಪುಸ್ತಕದಲ್ಲಿ ಕ್ಷಮಿಸಿ ಅಂತ ಇರುತ್ತೆ, ನಾನೂ ಹಾಗೇ ಕಲ್ತಿದ್ದೆ. ಐದನೇ ವಾರ ಒಂದು ಕೂಸು ಉಳೀಲಿಲ್ಲ, ಸಿಸ್ಟರ್ ಆ ತಾಯಿ ಪಕ್ಕ ನೆಲದ ಮೇಲೆ ಕೂತು ಕೈ ಹಿಡ್ಕೊಂಡು ಪೆಪಾನಿ ಅಮಾಯಿ, ಪೆಪಾನಿ ಅಂತ ಮೆಲ್ಲಗೆ ಹೇಳ್ತಾನೇ ಇದ್ರು, ಬೇರೆ ಒಂದು ಮಾತೂ ಆಡ್ಲಿಲ್ಲ. ನಾನೂ ಹೋಗಿ ಇನ್ನೊಂದು ಪಕ್ಕ ಕೂತೆ.