3 ಊರು, 12 ರಾತ್ರಿ: ಇಟಲಿಯ ಹಳೆಯ ನಗರಗಳಿಗೆ ನೀವೇ ಯೋಜಿಸಿಕೊಳ್ಳುವ ಪ್ರವಾಸ

ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಒಂದು ಬೆಳಿಗ್ಗೆ ಕುಳಿತರೆ, ದೂರದಿಂದ ಬಂದ ಬಸ್ಸಿನವರು ಮುಕ್ಕಾಲು ಗಂಟೆಯಲ್ಲಿ ಗುಡಿಗೆ ಒಂದು ಸುತ್ತು ಬಂದು, ಫೋಟೊ ತೆಗೆಸಿಕೊಂಡು, ಹಳೇಬೀಡು ಮುಗಿಸಿ ಸಂಜೆಯೊಳಗೆ ಶ್ರವಣಬೆಳಗೊಳ ಮುಟ್ಟುವ ಅವಸರದಲ್ಲಿ ಹೊರಟುಬಿಡುವುದು ಕಾಣುತ್ತದೆ. ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಅವರು ಏನನ್ನೆಲ್ಲ ನೋಡದೆ ಹೋದರು ಎಂಬುದು ಹಾಸನ ಜಿಲ್ಲೆಯವರಾದ ನಮಗೆ ಚೆನ್ನಾಗಿ ಗೊತ್ತು. ಹಾಗಿದ್ದೂ ನಾವೇ ವಿದೇಶಕ್ಕೆ ಹೊರಟಾಗ, ಹತ್ತು ದಿನಗಳಲ್ಲಿ ಆರು ದೇಶ ತೋರಿಸುವ ಪ್ಯಾಕೇಜಿಗೆ ಹಣ ಕಟ್ಟುತ್ತೇವೆ. ಒಂದೇ ದೇಶದ ಮೂರು ಹಳೆಯ ನಗರಗಳನ್ನು ಸಾವಧಾನವಾಗಿ, ಯಾರ ಸೀಟಿಯ ಹಿಂದೆಯೂ ಓಡದೆ ನೋಡಿಬರಬೇಕೆನ್ನುವವರು ಯೋಜನೆಯನ್ನು ಯಾವ ಕ್ರಮದಲ್ಲಿ ಮಾಡಿಕೊಳ್ಳಬೇಕೆಂಬುದನ್ನು ರೋಮ್, ಫ್ಲಾರೆನ್ಸ್ ಮತ್ತು ವೆನಿಸ್ ನಗರಗಳನ್ನು ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲು ತಿಂಗಳು

ನಮ್ಮ ಕಡೆಯ ಬಹುಪಾಲು ಮನೆಗಳ ಪಂಚಾಂಗವನ್ನು ಕಾಫಿಯೇ ಬರೆಯುತ್ತದೆ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾದರೆ, ರೋಬಸ್ಟಾ ಮುಗಿದು ಹೂಮಳೆಗೆ ಕಾಯುವವರೆಗೆ ತೋಟ ಬಿಟ್ಟು ಕದಲುವಂತಿಲ್ಲ. ಮಳೆ ಇಳಿದು ಕೊಯ್ಲು ಆರಂಭವಾಗುವ ನಡುವಿನ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ಭಾಗವೇ ಬಿಡುವಿನ ಕಾಲ. ಇಟಲಿಗೂ ಅದೇ ಹದವಾದ ಕಾಲವೆಂಬುದು ನಮ್ಮ ಅದೃಷ್ಟ: ಜುಲೈ, ಆಗಸ್ಟ್ ತಿಂಗಳ ಸುಡುಬಿಸಿಲು ಇಳಿದಿರುತ್ತದೆ, ವೆನಿಸಿನ ಬೀದಿಗಳಿಗೆ ಸಮುದ್ರದ ನೀರು ಏರುವ ದಿನಗಳು ಹೆಚ್ಚಾಗಿ ಅಕ್ಟೋಬರ್ ಮುಂದುವರಿದ ಮೇಲೆಯೇ ಬರುತ್ತವೆ. ಅಕ್ಟೋಬರಿನಲ್ಲಿ ಹೊರಡುವವರು ಜೂನ್ ತಿಂಗಳಲ್ಲೇ ಕಾಗದ ಪೆನ್ನು ಹಿಡಿದು ಕೂರಬೇಕು.

ಆಮೇಲೆ ವಾರ

ವಿಮಾನದ ಟಿಕೆಟ್ ಯಾವ ದಿನ ಅಗ್ಗವೆಂದು ಹುಡುಕುವ ಮೊದಲು, ಯಾವ ದಿನ ಯಾವ ಬಾಗಿಲು ಮುಚ್ಚಿರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ನನ್ನ ಮೊದಲ ಪ್ರವಾಸದಲ್ಲಿ ಫ್ಲಾರೆನ್ಸಿಗೆ ಒಂದೇ ದಿನ ಇಟ್ಟುಕೊಂಡಿದ್ದೆ; ಅದು ಸೋಮವಾರವಾಗಿತ್ತು. ಅಲ್ಲಿನ ಎರಡು ಮುಖ್ಯ ಕಲಾಸಂಗ್ರಹಗಳಾದ ಉಫೀಜಿ ಮತ್ತು ಅಕಾಡೆಮಿಯಾ ಸೋಮವಾರ ತೆರೆಯುವುದಿಲ್ಲ. ಅಷ್ಟು ದೂರ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬಂದ ಬೇಸರ ಇಂದಿಗೂ ಹೋಗಿಲ್ಲ. ರೋಮಿನ ಬೋರ್ಗೀಸ್ ಗ್ಯಾಲರಿಗೂ ಸೋಮವಾರವೇ ರಜೆ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆಯುವುದರಿಂದ ಅಂದು ಕಾಲಿಡಲು ಜಾಗವಿರುವುದಿಲ್ಲ. ಬುಧವಾರ ಬೆಳಿಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನವಿದ್ದರೆ ಸಂತ ಪೀಟರ್ ಚರ್ಚಿನೊಳಗೆ ಹೋಗುವುದು ಕಷ್ಟ. ವೆನಿಸಿನ ಸಂತ ಮಾರ್ಕ್ ಚರ್ಚು ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಮೀಸಲು. ಪ್ರವಾಸಿಗರಿಗೆ ಮಧ್ಯಾಹ್ನದ ನಂತರವೇ ಪ್ರವೇಶ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಶುಲ್ಕವಿಲ್ಲ, ಆದ್ದರಿಂದ ಅಂದು ಅವುಗಳ ಕಡೆಗೆ ಹೋಗದಿರುವುದೇ ಒಳ್ಳೆಯದು.

ಇಷ್ಟನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ಗುರುವಾರ ರೋಮ್ ತಲುಪುವುದು ಅತ್ಯಂತ ಅನುಕೂಲಕರ. ಶುಕ್ರವಾರ ವ್ಯಾಟಿಕನ್, ಶನಿವಾರ ಬೋರ್ಗೀಸ್, ಸೋಮವಾರ ಪುರಾತನ ಕ್ರೀಡಾಂಗಣವಾದ ಕೊಲೋಸಿಯಂ ಮತ್ತು ಅದರ ಪಕ್ಕದಲ್ಲಿ ಹಳೆಯ ರೋಮಿನ ಮುಖ್ಯ ಚೌಕವಾಗಿದ್ದ ಫೋರಂ. ಭಾನುವಾರವನ್ನು ಟಿಕೆಟ್ ಬೇಡದ ಬೀದಿಗಳಿಗೆ ಬಿಡಿ, ಕ್ರಿ.ಪೂ. 312ರಲ್ಲಿ ಹಾಕಲು ತೊಡಗಿದ ಆಪ್ಪಿಯಾ ರಸ್ತೆಯ ಕಲ್ಲುಹಾಸಿನ ಮೇಲೆ ಎರಡು ಗಂಟೆ ನಡೆದರೆ ಆ ದಿನ ಸಾರ್ಥಕವಾಗುತ್ತದೆ. ಮಂಗಳವಾರ ಫ್ಲಾರೆನ್ಸಿಗೆ ಹೊರಟು ನಾಲ್ಕು ರಾತ್ರಿ ಉಳಿದರೆ ಅಲ್ಲಿ ಸೋಮವಾರವೇ ಬರುವುದಿಲ್ಲ. ಶನಿವಾರ ವೆನಿಸ್, ಮೂರು ರಾತ್ರಿ. ಹಿಂದೆ ವೆನಿಸನ್ನು ಆಳುತ್ತಿದ್ದ ಡೋಜ್ ಎಂಬ ಅಧಿಪತಿಗಳ ಅರಮನೆ ಸೋಮವಾರವೂ ತೆರೆದಿರುತ್ತದೆ. ಮಂಗಳವಾರ ವಾಪಸು ವಿಮಾನ. ಟಿಕೆಟ್ ಕೊಳ್ಳುವಾಗ ಬೆಂಗಳೂರಿನಿಂದ ರೋಮಿಗೆ, ವೆನಿಸಿನಿಂದ ಬೆಂಗಳೂರಿಗೆ ಎಂದು ಒಂದೇ ಬುಕಿಂಗಿನಲ್ಲಿ ಪಡೆಯಿರಿ. ಹೋದ ದಾರಿಯಲ್ಲೇ ರೋಮಿಗೆ ಮರಳುವ ಒಂದು ದಿನ ಇದರಿಂದ ಉಳಿಯುತ್ತದೆ.

ವೀಸಾ

ಇಟಲಿಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವೀಸಾ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುವುದರಿಂದ, ಜುಲೈ ತಿಂಗಳಲ್ಲೇ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಸಮಯ ಕಾದಿರಿಸಿಕೊಂಡು ಖುದ್ದಾಗಿ ಹೋಗಿ ಬೆರಳಚ್ಚು ಕೊಟ್ಟುಬನ್ನಿ. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚಕ್ಕೆ ಹೊಣೆಯಾಗುವ ಪ್ರವಾಸ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಪಡೆದದ್ದಾಗಿರಬೇಕು, ಯುರೋಪಿನಿಂದ ಹೊರಡುವ ದಿನದ ನಂತರವೂ 3 ತಿಂಗಳ ಅವಧಿ ಉಳಿದಿರಬೇಕು, ಎರಡು ಖಾಲಿ ಪುಟಗಳಿರಬೇಕು.

ಆದಾಯದ ದಾಖಲೆಯ ವಿಷಯದಲ್ಲಿ ನಮ್ಮ ಬೆಳೆಗಾರರು ತಡವರಿಸುವುದನ್ನು ಕಂಡಿದ್ದೇನೆ. ಸಂಬಳದ ಚೀಟಿ ಇಲ್ಲದವರು ಆರು ತಿಂಗಳ ಬ್ಯಾಂಕ್ ವಿವರದ ಜೊತೆಗೆ ಪಹಣಿ, ಕಾಫಿ ಮಾರಾಟದ ಬಿಲ್ಲುಗಳು, ಇದ್ದರೆ ಆದಾಯ ತೆರಿಗೆ ವಿವರಗಳನ್ನು ಲಗತ್ತಿಸಿ, ಹಣ ವರ್ಷದ ಯಾವ ತಿಂಗಳಲ್ಲಿ ಬರುತ್ತದೆ, ಏಕೆ ಹಾಗೆ ಬರುತ್ತದೆ ಎಂದು ವಿವರಿಸುವ ಒಂದು ಪುಟದ ಪತ್ರ ಬರೆಯುವುದು ಒಳಿತು. ಪಹಣಿ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದವನ್ನೂ ಇಡಿ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಿದರೆ ಹಣ ಮರಳುವಂಥ ಬುಕಿಂಗ್‌ಗಳನ್ನಷ್ಟೇ ಮಾಡಿ.

ಟಿಕೆಟ್‌ಗಳು, ರೈಲುಗಳು

ವ್ಯಾಟಿಕನ್ ಟಿಕೆಟ್‌ಗಳು ಸುಮಾರು ಎರಡು ತಿಂಗಳು ಮೊದಲು, ಕೊಲೋಸಿಯಂನವು ಒಂದು ತಿಂಗಳು ಮೊದಲು ಅಧಿಕೃತ ಜಾಲತಾಣಗಳಲ್ಲಿ ಬಿಡುಗಡೆಯಾಗುತ್ತವೆ. ಬೋರ್ಗೀಸ್‌ನಲ್ಲಿ ಎರಡು ಗಂಟೆಗಳ ಸರದಿಯಂತೆ ಒಳಗೆ ಬಿಡುವುದರಿಂದ ಮುಂಗಡ ಬುಕಿಂಗ್ ಅನಿವಾರ್ಯ. ಕೊಲೋಸಿಯಂ ಟಿಕೆಟ್ ಮೇಲೆ ನೋಡುಗರ ಹೆಸರಿರುತ್ತದೆ, ಬಾಗಿಲಲ್ಲಿ ಗುರುತಿನ ದಾಖಲೆ ಕೇಳುತ್ತಾರೆ. ಹೆಸರಿನ ಮುಂದೆ ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರು ಇಲ್ಲಿ ಎಚ್ಚರ ವಹಿಸಬೇಕು: ಪಾಸ್‌ಪೋರ್ಟ್‌ನಲ್ಲಿ ಊರಿನ ಮತ್ತು ತಂದೆಯ ಹೆಸರು ಬಿಡಿಸಿ ಬರೆದಿದ್ದರೆ, ವಿಮಾನ, ವಿಮೆ, ಟಿಕೆಟ್ ಎಲ್ಲದರಲ್ಲೂ ಅಕ್ಷರ ಅಕ್ಷರ ಹಾಗೆಯೇ ಬರೆಯಿರಿ.

ಊರಿಂದ ಊರಿಗೆ ರೈಲೇ ಸಾಕು. ರೋಮಿನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸಿಗೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಬೇಗ ಕೊಂಡರೆ ಅಗ್ಗ. ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ದಂಡ ಬೀಳುತ್ತದೆ. ವೆನಿಸಿಗೆ ಹೋಗುವಾಗ ಮೆಸ್ತ್ರೆಯಲ್ಲಿ ಇಳಿಯಬೇಡಿ. ನೀರಿನ ನಗರದ ನಿಲ್ದಾಣ ಅದರ ಮುಂದಿನ ಸಾಂತಾ ಲೂಚಿಯಾ. ಕಾರ್ಡ್ ಉಜ್ಜುವಾಗ ರೂಪಾಯಿಯೋ ಯೂರೊವೋ ಎಂದು ಯಂತ್ರ ಕೇಳಿದರೆ ಯೂರೊ ಎನ್ನಿ. ಚರ್ಚುಗಳಲ್ಲಿ ಭುಜ, ಮಂಡಿ ಮುಚ್ಚುವ ಉಡುಪಿರಲಿ.

ದಿನವನ್ನು ಹೇಗೆ ತುಂಬುವುದು

ದಿನಕ್ಕೆ ಒಂದೇ ದೊಡ್ಡ ಸ್ಥಳವೆಂಬ ನಿಯಮವನ್ನು ನಾನು ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆ ಅದಕ್ಕೆ ಮೂರು ಗಂಟೆ, ಉಳಿದದ್ದು ನಡಿಗೆಗೆ. ರೋಮಿನ ಪುರಾತನ ದೇಗುಲವಾದ ಪ್ಯಾಂಥಿಯನ್‌ಗೆ ನಡುಹಗಲಿನಲ್ಲೇ ಹೋಗಿ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನಲ್ಲಿ 43 ಮೀಟರ್ ಅಗಲದ ಗುಮ್ಮಟವನ್ನು ಎರಡನೆಯ ಶತಮಾನದಲ್ಲಿ ಹ್ಯಾಡ್ರಿಯನ್ ಚಕ್ರವರ್ತಿಯ ಕಾಲದವರು ಎತ್ತಿ ನಿಲ್ಲಿಸಿದ್ದಾರೆ. ಅದರ ನೆತ್ತಿಯ ತೆರೆದ ಕಂಡಿಯಿಂದ ಬಿಸಿಲಿನ ಬಿಲ್ಲೆಯೊಂದು ಗೋಡೆಯ ಮೇಲೆ ಸರಿಯುವುದನ್ನು ಕಾಣಲು ಅರ್ಧ ಗಂಟೆಯಾದರೂ ನಿಲ್ಲಬೇಕು. ಫ್ಲಾರೆನ್ಸಿನ ಅಕಾಡೆಮಿಯಾದಲ್ಲಿ ಮೈಕೆಲ್ಯಾಂಜೆಲೊ 1501ರಿಂದ 1504ರ ನಡುವೆ ಕಡೆದ ದಾವಿದನ ಮುಂದೆ ನಿಂತಾಗ, 58 ಅಡಿಯ ಗೊಮ್ಮಟನನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ ಆ 17 ಅಡಿ ದೊಡ್ಡದೆನಿಸದು. ಆದರೆ ಗೊಮ್ಮಟನದು ಎಲ್ಲವನ್ನೂ ಬಿಟ್ಟವನ ನಿಲುವು, ದಾವಿದನದು ಹೋರಾಟಕ್ಕೆ ಸಿದ್ಧನಾದವನ ನಿಲುವು; ಕೈಯ ನರಗಳನ್ನು ಗಮನಿಸಿದರೆ ಅದು ತಿಳಿಯುತ್ತದೆ. ಅದೇ ಊರಿನ ಪ್ರಧಾನ ಚರ್ಚಿಗೆ ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ ಕಟ್ಟಿದ ಗುಮ್ಮಟ ಏರಲು 463 ಮೆಟ್ಟಿಲುಗಳಿವೆ, ಲಿಫ್ಟ್ ಇಲ್ಲ, ಸಮಯ ಕಾದಿರಿಸಲೇಬೇಕು. ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಿದವರಿಗೆ ಮೆಟ್ಟಿಲುಗಳ ಸಂಖ್ಯೆ ಹೆಚ್ಚೇನಲ್ಲ. ಆದರೆ ದಾರಿ ಇಕ್ಕಟ್ಟಾದ್ದರಿಂದ ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಕೆಳಗೇ ಉಳಿಯಲಿ.

ವೆನಿಸಿನಲ್ಲಿ ಕಾರು, ಆಟೊ ಯಾವುದೂ ಇಲ್ಲ. ಸೇತುವೆಗಳ ಮೆಟ್ಟಿಲುಗಳ ಮೇಲೆ ಸಾಮಾನನ್ನು ನೀವೇ ಎತ್ತಬೇಕು. ಕೊಠಡಿ ಹಿಡಿಯುವಾಗ ದೋಣಿ ನಿಲ್ದಾಣದಿಂದ ಎಷ್ಟು ಸೇತುವೆ ದಾಟಬೇಕೆಂದು ಬರೆದು ಕೇಳಿ. ಮೂರೂ ಊರುಗಳಲ್ಲಿ ಬಾಡಿಗೆಯ ಮೇಲೆ ರಾತ್ರಿಗೆ, ತಲೆಗೆ ಇಷ್ಟೆಂದು ನಗರ ತೆರಿಗೆ ಕೊಡಬೇಕಾಗುತ್ತದೆ. ವಾಪಸು ವಿಮಾನ ಬೆಳಗಿನದಾದರೆ ಬಸ್ಸು ಹೊರಡುವ ಪಿಯಾಜಾಲೆ ರೋಮಾದ ಸಮೀಪವೇ ತಂಗಿ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ, ದೋಣಿಯಲ್ಲಾದರೆ ಒಂದು ಗಂಟೆಗೂ ಹೆಚ್ಚು ಬೇಕು.